ತೊಳೆದಿಟ್ಟ ತಟ್ಟೆ

ಅವಳಿಗೊಂದು ಹೆಸರಿತ್ತು. ಆದರೆ ಆ ಮನೆಯಲ್ಲಿ ಯಾರಾದರೂ ಆ ಹೆಸರು ಹಿಡಿದು ಕರೆದಿದ್ದರೆ, ಬೇರೆ ಯಾರೋ ಬಂದಿದ್ದಾರೆ ಅಂತ ಅವಳೇ ಹಿಂದೆ ತಿರುಗಿ ನೋಡುತ್ತಿದ್ದಳೋ ಏನೋ. ಎಲ್ಲರಿಗೂ ಅವಳು ಗಂಟೆಯಕ್ಕ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಅಟೆಂಡರ್ ಕೆಲಸ. ಫೈಲು ಹೊರುವುದು, ಬೀಗ ತೆಗೆಯುವುದು, ಬಿದ್ದು ಮಂಡಿ ತರಚಿಕೊಂಡ ಹುಡುಗಿಯರಿಗೆ ಔಷಧಿ ಹಚ್ಚುವುದು ಎಲ್ಲಾ ಇತ್ತಾದರೂ, ಅವಳ ಪ್ರಕಾರ ಕೆಲಸವೆಂದರೆ ಗಂಟೆ ಹೊಡೆಯುವುದು. ಹೊಡೆದೂ ಹೊಡೆದೂ ಹೊತ್ತು ಅನ್ನುವುದು ಅವಳ ಮೈಗೇ ಇಳಿದುಬಿಟ್ಟಿತ್ತು. "ಒಂದು ಪೀರಿಯಡ್ಡು ನಿದ್ದೆ ಮಾಡಿದೆ" ಅನ್ನುತ್ತಿದ್ದಳು. "ಬಸ್ಸಿಗೆ ಅರ್ಧ ಪೀರಿಯಡ್ಡು ಕಾದೆ" ಅನ್ನುತ್ತಿದ್ದಳು. ಐವತ್ತಾರು ವರ್ಷದ ಬದುಕನ್ನು ನಲವತ್ತು ನಿಮಿಷದ ತುಂಡುಗಳಲ್ಲಿ ಅಳೆದ ಹೆಂಗಸು.

ಗಂಡ ಇದ್ದ, ಹೋದ. ಸತ್ತು ಹೋದದ್ದಲ್ಲ, ಸುಮ್ಮನೆ ಎದ್ದು ಹೋದ. ಆ ವಿಷಯಕ್ಕೆ ಅವಳು ಎರಡು ಮಾತಿಗಿಂತ ಹೆಚ್ಚು ಆಡಿದ್ದನ್ನು ಯಾರೂ ಕೇಳಿಲ್ಲ, ನಾನೂ ಆಡುವುದಿಲ್ಲ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತುಕೊಂಡು ಹತ್ತೊಂಬತ್ತು ವರ್ಷದ ಹಿಂದೆ ಈ ಮನೆಯ ಮಹಡಿಯ ಮೂಲೆ ಕೋಣೆಗೆ ಬಂದವಳು ಅಲ್ಲೇ ಉಳಿದಳು.

ಮನೆ ಅಂದರೆ ಒಂದು ಕಾಲಕ್ಕೆ ಲಾಡ್ಜು. ಮಹಡಿಯಲ್ಲಿ ನಾಲ್ಕು ಕೋಣೆ, ಒಂದು ಬಚ್ಚಲು. ಕೆಳಗೆ ಅಡುಗೆಮನೆ, ಊಟದ ಹಾಲ್, ಇನ್ನೊಂದು ಬಚ್ಚಲು, ಅದರ ಪಕ್ಕಕ್ಕೆ ಹಿತ್ತಲ ಓಣಿಗೆ ಕಿಟಕಿಯಿದ್ದ ಒಂದೇ ಒಂದು ಕೋಣೆ. ಇರುವವರು ಏಳು ಜನ. ಒಂದು ಕೋಣೆಯವರಿಗೆ ಇನ್ನೊಂದು ಕೋಣೆಯವರು ಸಂಬಂಧವಿಲ್ಲ, ಆದರೆ ಎಲ್ಲರ ಅಕ್ಕಿ ಒಂದೇ ಡಬ್ಬಿಯಲ್ಲಿ. ಸರದಿ ಪ್ರಕಾರ ಅಡುಗೆ, ಉದ್ದನೆಯ ಒಂದೇ ಮೇಜಿನಲ್ಲಿ ಊಟ. ಕುಕ್ಕರಿನ ರಬ್ಬರು ಯಾರು ಕಳೆದದ್ದು ಅನ್ನುವ ಜಗಳ ಮೂರು ವರ್ಷದಿಂದ ನಡೆದೇ ಇತ್ತು. ಎಲೆಕ್ಟ್ರಿಷಿಯನ್ ಮತ್ತು ಅವನ ಹೆಂಡತಿ, ಬೇಕರಿಯಲ್ಲಿ ಕೆಲಸ ಮಾಡುವ ಅಣ್ಣತಮ್ಮಂದಿರು, ಆಸ್ಪತ್ರೆಯ ನರ್ಸು, ಗಂಟೆಯಕ್ಕ, ಇಷ್ಟು ಜನ ಮೇಲೆ. ಕೆಳಗಿನ ಕೋಣೆಯಲ್ಲಿ ಬೈಂಡರ್ ಮಾಮ.

ಬೈಂಡರ್ ಮಾಮನಿಗೆ ಅರವತ್ತೇಳು. ಪುಸ್ತಕಕ್ಕೆ ರಟ್ಟು ಕಟ್ಟುವುದರಲ್ಲಿ ಎತ್ತಿದ ಕೈ, ಜನರ ಕಾಲೆಳೆಯುವುದರಲ್ಲಿ ಇನ್ನೂ ಎತ್ತಿದ ಕೈ. ಮದುವೆ ಯಾಕೆ ಆಗಲಿಲ್ಲ ಅಂದರೆ "ಅಂಟು ಒಣಗೋದ್ರೊಳಗೆ ವಯಸ್ಸಾಗಿಹೋಯ್ತು" ಅನ್ನುತ್ತಿದ್ದರು. ಗಂಟೆಯಕ್ಕನನ್ನು ಅವರು ಕರೆಯುತ್ತಿದ್ದದ್ದು 'ಹೆಡ್‌ಮೇಡಂ' ಅಂತ. ಅವಳು ಮಾಡಿದ ಅಡುಗೆಗೆಲ್ಲ ಅಭಿಪ್ರಾಯ ಬರೆದುಕೊಡುವುದು ಅವರ ಚಾಳಿ. ರಟ್ಟಿನ ಮೇಲೆ ಅಂಟಿಸಿ ಉಳಿದ ಬಣ್ಣದ ಕಾಗದದ ಚೂರಿನ ಮೇಲೆ "ಉಪ್ಪು ಪಾಸು, ಖಾರ ಫೇಲು, ಮತ್ತೆ ಪರೀಕ್ಷೆಗೆ ಕೂರಬೇಕು" ಅಂತ ಬರೆದು ಅವಳ ತಟ್ಟೆಯ ಕೆಳಗೆ ಸಿಕ್ಕಿಸುತ್ತಿದ್ದರು. ಅವಳು ಸಿಡಿಮಿಡಿಗೊಂಡಂತೆ ಮಾಡುತ್ತಿದ್ದಳು. ಚೂರುಗಳನ್ನು ಮಾತ್ರ ಎಸೆಯುತ್ತಿರಲಿಲ್ಲ.

ಆ ರೋಗ ಬಂತು. ಶಾಲೆ ಮುಚ್ಚಿತು. ಸ್ಟೋರ್ ರೂಮಿನಲ್ಲಿ ಇಲಿಗಳ ಪಾಲಾಗುವುದು ಬೇಡ ಅಂತ ಹಿಡಿಕೆಯಿದ್ದ ಹಿತ್ತಾಳೆ ಗಂಟೆಯನ್ನು ಸೀರೆಯೊಳಗೆ ಸುತ್ತಿಕೊಂಡು ಮನೆಗೆ ತಂದಳು. ಇಲಿ ಹಿತ್ತಾಳೆ ತಿನ್ನುತ್ತದೆಯೇ ಅಂತ ಯಾರೂ ಕೇಳಲಿಲ್ಲ, ಆಗ ಎಲ್ಲರ ತಲೆಯೂ ಬೇರೆ ಕಡೆ ಇತ್ತು.

ಆ ಗಂಟೆಯೇ ಮನೆಯನ್ನು ನಡೆಸಿತು. ಒಟ್ಟಿಗೆ ಕೂತು ಉಣ್ಣುವುದು ನಿಂತಿತು. ಊಟದ ಮೇಜನ್ನು ಗೋಡೆಗೆ ಒತ್ತರಿಸಿ ಅದರ ಮೇಲೆ ಸೋಪು, ಬಿಸಿನೀರಿನ ಫ್ಲಾಸ್ಕು ಇಟ್ಟರು. ಗಂಟೆಯಕ್ಕ ಕ್ಯಾಲೆಂಡರಿನ ಹಿಂಬದಿಗೆ ಟೈಮ್‌ಟೇಬಲ್ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು. ಬಚ್ಚಲಿಗೆ ಕಾಲು ಗಂಟೆ, ಅಡುಗೆಮನೆಗೆ ಅರ್ಧ ಗಂಟೆ, ಒಬ್ಬರು ಹೊರಬಿದ್ದ ಮೇಲೆ ಹತ್ತು ನಿಮಿಷ ಕಿಟಕಿ ತೆರೆದಿಡುವುದು. ಅವಳ ಗಂಟೆಯಾಗದೆ ಯಾರೂ ಮೆಟ್ಟಿಲಿಳಿಯುವಂತಿಲ್ಲ. ಬೇಕರಿ ತಮ್ಮ ಒಂದು ದಿನ ಸ್ನಾನಕ್ಕೆ ಎರಡು ನಿಮಿಷ ಹೆಚ್ಚು ತೆಗೆದುಕೊಂಡದ್ದಕ್ಕೆ ಬಾಗಿಲ ಹೊರಗೆ ಗಂಟೆ ಹೊಡೆದೂ ಹೊಡೆದೂ ಅವನನ್ನು ಸೋಪಿನ ನೊರೆಯ ಸಮೇತ ಹೊರಗೆ ಬರಿಸಿದಳು. ಸತ್ಯ ಹೇಳಬೇಕೆಂದರೆ, ಊರೆಲ್ಲ ಹೆದರಿ ಮುದುಡಿದ್ದ ಆ ಮೊದಲ ತಿಂಗಳು ಅವಳು ಸ್ವಲ್ಪ ಖುಷಿಯಾಗಿಯೇ ಇದ್ದಳು.

ಸಂಜೆ ಐದಕ್ಕೆ ಮೆಟ್ಟಿಲ ಸಭೆ. ಒಬ್ಬೊಬ್ಬರಿಗೆ ಒಂದೊಂದು ಮೆಟ್ಟಿಲು, ನಡುವೆ ಎರಡು ಖಾಲಿ. ಎಲ್ಲರಿಗಿಂತ ಮೇಲೆ ಎಲೆಕ್ಟ್ರಿಷಿಯನ್ ದಂಪತಿ, ಯಾಕೆಂದರೆ ಎಲ್ಲರಿಗಿಂತ ಹೆಚ್ಚು ಹೆದರಿದ್ದವನು ಅವನು. ಎಲ್ಲರಿಗಿಂತ ಕೆಳಗೆ ಬೈಂಡರ್ ಮಾಮ. ನರ್ಸಮ್ಮ ಅಷ್ಟು ಹೊತ್ತಿಗೆ ಆಸ್ಪತ್ರೆಯವರು ಕೊಟ್ಟ ವಸತಿಗೆ ಹೋಗಿಬಿಟ್ಟಿದ್ದಳು. ಹೋದಳು ಅಂದರೂ ಸರಿ, ಇವರೆಲ್ಲ ಮುಖ ತಿರುಗಿಸಿಕೊಂಡು ಓಡಾಡಿದ್ದಕ್ಕೆ ಹೋಗಬೇಕಾಯಿತು ಅಂದರೂ ಸರಿ. ಅವಳ ಬದಲಿಗೆ ಸ್ಪೀಕರ್ ಹಾಕಿದ ಫೋನು ಒಂದು ಮೆಟ್ಟಿಲ ಮೇಲೆ ಕೂರುತ್ತಿತ್ತು.

ಅಂಥದೊಂದು ಸಂಜೆಯೇ ಆ ನಿಯಮ ಹುಟ್ಟಿದ್ದು.

"ಯಾರಿಗಾದ್ರೂ ಮೈ ಬಿಸಿ ಅಂದ್ರೆ ಸಾಕು, ಫೋನ್ ಮಾಡಿ ಆಸ್ಪತ್ರೆ ವ್ಯಾನ್ ಕರೆಸೋದು. ದಾಕ್ಷಿಣ್ಯ ಗೀಕ್ಷಿಣ್ಯ ಬೇಡ" ಅಂದ ಎಲೆಕ್ಟ್ರಿಷಿಯನ್.

"ಮೈ ಬಿಸಿ ಆದವರನ್ನೆಲ್ಲ ಕಳಿಸಿದ್ರೆ ಇಲ್ಲಿ ಮಲಗಿಸೋಕೆ ನೆಲಾನೂ ಉಳಿದಿಲ್ಲ, ಅಣ್ಣ" ಅಂದಳು ಫೋನಿನೊಳಗಿಂದ ನರ್ಸು. ಅವಳ ದನಿ ನಿದ್ದೆಗೆಟ್ಟಿತ್ತು. "ಬೇರೆ ಕೋಣೇಲಿ ಇರ್ಲಿ, ಊಟ ಬಾಗಿಲಿಗೆ ಇಡಿ. ಬೆರಳಿಗೆ ಹಾಕಿ ಆಕ್ಸಿಜನ್ ನೋಡೋ ಮಿಷನ್ ಸಿಕ್ರೆ ಒಳ್ಳೇದು, ಆದ್ರೆ ಅಂಗಡೀಲಿ ಎಲ್ಲೂ ಇಲ್ಲ. ಊಟ ಬಿಟ್ರು, ಉಸಿರಿಗೆ ಕಷ್ಟ ಆಯ್ತು ಅಂದ್ರೆ ಆಗ ತಡ ಮಾಡಬೇಡಿ."

ಊಟ ಬಿಟ್ಟದ್ದು ಹೇಗೆ ಗೊತ್ತಾಗಬೇಕು? ಗಂಟೆಯಕ್ಕನಿಗೆ ಕೂಡಲೇ ಹೊಳೆಯಿತು. "ತಟ್ಟೆ ನೋಡಿದ್ರೆ ಗೊತ್ತಾಗಲ್ವಾ? ಎರಡು ಹೊತ್ತು ತಟ್ಟೆ ಹಾಗೇ ವಾಪಸ್ ಬಂದ್ರೆ ವ್ಯಾನು. ಖಾಲಿ ಬಂದ್ರೆ ಮನೇಲೇ ಇರ್ಲಿ." ಎಲ್ಲರೂ ಒಪ್ಪಿದರು. ಎಲೆಕ್ಟ್ರಿಷಿಯನ್ ಕೂಡ ಗೊಣಗಿಕೊಂಡು ಒಪ್ಪಿದ. ಅವಳು ಅದನ್ನು ಕೆಂಪು ಪೆನ್ನಿನಲ್ಲಿ ಟೈಮ್‌ಟೇಬಲ್ಲಿನ ಕೆಳಗೆ ಬರೆದಳು.

ಸಭೆ ಮುಗಿದು ಒಬ್ಬೊಬ್ಬರೇ ಮೇಲೆ ಹೋದರು. ಬೈಂಡರ್ ಮಾಮ ಎದ್ದಿರಲಿಲ್ಲ. ಅವರ ಅಣ್ಣ ಬೇರೆ ಊರಿನಲ್ಲಿದ್ದವರು, ರೋಗದ ಮೊದಲ ವಾರಗಳಲ್ಲೇ ವ್ಯಾನು ಹತ್ತಿ ಹೋಗಿದ್ದರು. ಮೂರನೇ ದಿನಕ್ಕೆ ಒಂದು ಫೋನು ಬಂತು, ಅಷ್ಟೇ. ಮುಖ ನೋಡುವುದಿರಲಿ, ಯಾವ ವಾರ್ಡಿನಲ್ಲಿದ್ದರು ಅಂತಲೂ ತಿಳಿಯಲಿಲ್ಲ.

"ಹೆಡ್‌ಮೇಡಂ, ನನಗೊಂದು ಮಾತು ಕೊಡಿ" ಅಂದರು. ತಮಾಷೆ ಇರಲಿಲ್ಲ ದನಿಯಲ್ಲಿ. "ನನಗೇನಾದ್ರೂ ಆದ್ರೆ ಆ ವ್ಯಾನಿಗೆ ಹತ್ತಿಸಬೇಡಿ. ನಮ್ಮಣ್ಣನ ಥರ ಹೋಗೋಕೆ ನನ್ನ ಕೈಲಾಗಲ್ಲ. ಸತ್ರೂ ನನ್ನ ಅಂಟಿನ ವಾಸನೆ ಮಧ್ಯೆ ಸಾಯ್ತೀನಿ."

"ಬಿಡ್ತು ಅನ್ನಿ. ಏನೂ ಆಗಲ್ಲ."

"ಮಾತು ಕೊಡಿ."

"ನೀವು ಹೊಟ್ಟೆಗೆ ತಿಂತಾ ಇರೋತನಕ ಕಳಿಸಲ್ಲ. ಸರೀನಾ?"

"ಸರಿ" ಅಂದರು ಬೈಂಡರ್ ಮಾಮ. ಆಮೇಲೆ ಎದ್ದು, "ನಿಮ್ಮ ಅಡುಗೆ ಆದ್ರೆ ಸ್ವಲ್ಪ ಕಷ್ಟ" ಅಂತ ಸೇರಿಸಿ ಕೋಣೆಗೆ ಹೋದರು. ಅವಳಿಗೆ ಸಮಾಧಾನವಾಯಿತು.

ಐದು ವಾರ ಕಳೆದು ಜ್ವರ ಬಂತು. ಬೇಕರಿಯಿಂದ ಬಂತೋ, ತರಕಾರಿ ಚೀಲದಲ್ಲಿ ಬಂತೋ, ಗಾಳಿಯಲ್ಲಿ ಬಂತೋ, ಹುಡುಕುತ್ತಾ ಹೋದರೆ ಆರು ಜನರೂ ಕಳ್ಳರೇ. ಬಂದದ್ದು ಬೈಂಡರ್ ಮಾಮನಿಗೆ. ಅವರೇ ಬಾಗಿಲ ಸಂದಿಯಿಂದ ಹಸಿರು ಕಾಗದದ ಚೂರು ತಳ್ಳಿದರು: "ನೂರಾ ಒಂದು ಡಿಗ್ರಿ. ಇವತ್ತಿನಿಂದ ರಜೆ ಕೋರಿ ಅರ್ಜಿ."

ಎಲೆಕ್ಟ್ರಿಷಿಯನ್ ಮುಖ ಬಿಳಿಚಿಕೊಂಡಿತು. ಆದರೆ ನಿಯಮ ನಿಯಮವೇ. ಕೆಳಗಿನ ಬಚ್ಚಲು ಬೈಂಡರ್ ಮಾಮನಿಗೆ ಮೀಸಲಾಯಿತು, ಮಿಕ್ಕವರೆಲ್ಲ ಮೇಲಿನದಕ್ಕೆ ಸಾಲು ನಿಂತರು. ಎಲ್ಲರ ಅಡುಗೆಯನ್ನೂ ಗಂಟೆಯಕ್ಕನೇ ವಹಿಸಿಕೊಂಡಳು. ಮಾಮನ ಬಾಗಿಲ ಮುಂದೆ ಒಂದು ಸ್ಟೂಲು. ಗಂಟೆಯಕ್ಕ ಊಟ ಇಟ್ಟು, ಗಂಟೆ ಹೊಡೆದು, ಅಡುಗೆಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು. ಅವರು ಬಾಗಿಲು ತೆಗೆದು ತಟ್ಟೆ ತೆಗೆದುಕೊಳ್ಳುವುದು. ಅರ್ಧ ಗಂಟೆ ಬಿಟ್ಟು ಮತ್ತೆ ಗಂಟೆ, ತಟ್ಟೆ ವಾಪಸ್ಸು. ಅವರ ಮುಖ ಯಾರಿಗೂ ಕಾಣುವುದಿಲ್ಲ, ಯಾರ ಮುಖವೂ ಅವರಿಗಿಲ್ಲ. ನಿಯಮ ಮಾಡಿದವಳೇ ಅದನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಪಾಲಿಸಿದಳು.

ತಟ್ಟೆ ಖಾಲಿ ಬಂತು. ಖಾಲಿ ಅಷ್ಟೇ ಅಲ್ಲ, ತೊಳೆದು, ಬೋರಲು ಹಾಕಿ, ಸ್ಟೂಲಿನ ಸರಿಯಾಗಿ ನಡುವಿಗೆ ಇಟ್ಟಿರುತ್ತಿದ್ದರು. ಅವಳು ಅದರ ಮೇಲೆ ಕುದಿಯುವ ನೀರು ಸುರಿದು ಒಳಗೆ ತರುತ್ತಿದ್ದಳು. ಟೈಮ್‌ಟೇಬಲ್ಲಿನ ಪಕ್ಕ ಹೊಸ ಕಾಗದ ಅಂಟಿಸಿ ಹೊತ್ತು ಹೊತ್ತಿಗೂ 'ತಿಂದರು' ಅಂತ ಬರೆದಳು. ಬೆಳಿಗ್ಗೆ ಗಂಜಿ: ತಿಂದರು. ಮಧ್ಯಾಹ್ನ ಅನ್ನ, ಬೇಳೆ: ತಿಂದರು. ಸಂಜೆಗೇ ಬಡಿಸಿಬಿಡುತ್ತಿದ್ದ ರಾತ್ರಿ ಊಟ: ತಿಂದರು.

"ನೋಡಪ್ಪ, ಒಂದು ಅಗುಳು ಬಿಟ್ಟಿಲ್ಲ" ಅಂತ ಎಲೆಕ್ಟ್ರಿಷಿಯನ್‌ಗೆ ದಿನಾ ತೋರಿಸುತ್ತಿದ್ದಳು. ಅವನು ದೂರದಿಂದಲೇ ನೋಡಿ ತಲೆಯಾಡಿಸುತ್ತಿದ್ದ.

ಬಾಗಿಲಿನಾಚೆಗಿನ ಮಾತು ದಿನದಿಂದ ದಿನಕ್ಕೆ ಚಿಕ್ಕದಾಯಿತು. ಮೊದಮೊದಲು "ಹೆಡ್‌ಮೇಡಂ, ಒಳಗೆ ನಾನು ಪುಸ್ತಕದ ಹುಳ ಆಗಿಬಿಟ್ಟೆ" ಅಂತೆಲ್ಲ ಕೂಗುತ್ತಿದ್ದವರು ಆಮೇಲೆ "ಹೂಂ", "ಸರಿ" ಅನ್ನುವಷ್ಟಕ್ಕೆ ನಿಂತರು. ಮಾತಾಡಿದರೆ ಕೆಮ್ಮು ಬರುತ್ತದೆ, ಬರೆದು ಕಳಿಸುತ್ತೇನೆ ಅಂತ ಚೀಟಿ ಬಂತು. ಚೀಟಿಗಳು ಮಾತ್ರ ತಪ್ಪಲಿಲ್ಲ. "ಬೇಳೆ ಬೆಂದಿದೆ, ಅಭಿನಂದನೆ." "ಗಂಜಿ ಫಸ್ಟ್ ಕ್ಲಾಸ್." ಅಕ್ಷರ ಸ್ವಲ್ಪ ಸೊಟ್ಟಗಾಗಿತ್ತು. ಮಲಗಿಕೊಂಡು ಬರೆದರೆ ಇನ್ನೇನಾಗುತ್ತದೆ ಅಂತ ಅವಳು ಅಂದುಕೊಂಡಳು.

ಆರನೇ ದಿನ ಅವಳು ಬೇಳೆಗೆ ಉಪ್ಪು ಹಾಕುವುದನ್ನೇ ಮರೆತಳು. ಒಂದು ಕಾಳೂ ಹಾಕಿರಲಿಲ್ಲ. ಮೊದಲು ಎಲೆಕ್ಟ್ರಿಷಿಯನ್ ಹೆಂಡತಿ ಮಹಡಿಯಿಂದ ಕೂಗಿದಳು, ಆಮೇಲೆ ಬೇಕರಿ ಅಣ್ಣ. "ಏನಕ್ಕ, ನಮಗೂ ಆಸ್ಪತ್ರೆ ಊಟಾನಾ?" ಅವಳು ನಾಲಿಗೆ ಕಚ್ಚಿಕೊಂಡು ಉಪ್ಪಿನ ಡಬ್ಬಿ ಹಿಡಿದು ಮೆಟ್ಟಿಲ ಹತ್ತಿರ ಹೋಗುತ್ತಿದ್ದಾಗ ಬೈಂಡರ್ ಮಾಮನ ತಟ್ಟೆ ವಾಪಸ್ಸು ಬಂದಿತ್ತು. ತೊಳೆದಿತ್ತು. ಕೆಳಗೆ ಹಳದಿ ಚೂರು: "ಇವತ್ತು ಉಪ್ಪು ಹದವಾಗಿತ್ತು. ಡಿಸ್ಟಿಂಕ್ಷನ್."

ಗಂಟೆಯಕ್ಕ ಆ ಚೂರನ್ನು ಎರಡೆರಡು ಸಲ ಓದಿದಳು. ಆಮೇಲೆ ನಗು ಬಂತು. ಈ ರೋಗಕ್ಕೆ ಬಾಯಿರುಚಿ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು, ಟಿವಿಯಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. "ಪಾಪ, ನಾಲಿಗೆ ಸತ್ತುಹೋಗಿದೆ ಮಾಮನಿಗೆ" ಅಂತ ಮೆಟ್ಟಿಲ ಸಭೆಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಎಷ್ಟೋ ದಿನದ ಮೇಲೆ ನಕ್ಕದ್ದು.

ನರ್ಸು ಮಾತ್ರ ಫೋನಿನಲ್ಲಿ ಕೇಳಿದಳು, "ರುಚಿ ಹೋದ್ರೆ ಹೋಗ್ಲಿ. ತಿಂತಾರಾ ಅಕ್ಕ?"

"ತಟ್ಟೆ ತೊಳೆದೇ ಇಡ್ತಾರಮ್ಮ."

"ಹಾಗಾದ್ರೆ ಪರವಾಗಿಲ್ಲ. ಇನ್ನು ನಾಲ್ಕು ದಿನ ದಾಟಿದ್ರೆ ಗೆದ್ದಂಗೆ."

ಆ ಮಾತು ಕೇಳಿ ಅವಳಿಗೆ ಎಷ್ಟು ಹಗುರವಾಯಿತೆಂದರೆ ಮರುದಿನ ಬೆಳಿಗ್ಗೆ ಗಂಜಿಗೆ ಹಾಲು ಹೆಚ್ಚಿಗೆ ಹಾಕಿದಳು.

ಎಂಟನೇ ದಿನ ಮಧ್ಯಾಹ್ನ, ಅವಳು ಊಟಕ್ಕಿಟ್ಟು ಗಂಟೆ ಹೊಡೆದು ಅಡುಗೆಮನೆಯಲ್ಲಿ ನಿಂತಿದ್ದಳು. ಬೇಕರಿ ತಮ್ಮ ಹಿತ್ತಲ ಓಣಿಯ ತೊಟ್ಟಿಗೆ ಕಸ ಹಾಕಿ ಬಂದವನು ಕಿಟಕಿಯಾಚೆಯಿಂದಲೇ ನಗುತ್ತಾ ಹೇಳಿದ. "ಅಕ್ಕಾ, ನಿಮ್ಮ ಗಂಟೆಗೆ ನಾವು ಬರೋದು ಲೇಟಾಗಬಹುದು, ನಾಯಿಗಳು ಒಂದು ನಿಮಿಷ ಲೇಟಿಲ್ಲ ನೋಡಿ! ನೀವು ಹೊಡೆದಿದ್ದೇ ತಡ, ಮೂರು ನಾಯಿ ಎಲ್ಲಿಂದಲೋ ಓಡಿ ಬಂದು ಮಾಮನ ಕಿಟಕಿ ಕೆಳಗೆ ಸಾಲಾಗಿ ಕೂತ್ವು. ಥೇಟ್ ಸ್ಕೂಲ್ ಮಕ್ಕಳು."

ಅವಳು ನಗಲಿಲ್ಲ. ಕೈಯಲ್ಲಿದ್ದ ಸೌಟನ್ನು ಒಲೆಯ ಮೇಲೇ ಬಿಟ್ಟು ಹೊರಗೆ ಓಡಿದಳು.

ಓಣಿಗೆ ಸುತ್ತಿ ಬರಲು ಅವಳಿಗೆ ಎಷ್ಟು ಹೊತ್ತಾಯಿತು ಅಂತ ಆ ದಿನ ಮೊದಲ ಬಾರಿಗೆ ಅವಳ ಮೈಗೆ ಗೊತ್ತಾಗಲಿಲ್ಲ. ಹೋಟೆಲುಗಳು ಮುಚ್ಚಿ ವಾರಗಳೇ ಆಗಿದ್ದರಿಂದ ಊರಿನ ನಾಯಿಗಳೆಲ್ಲ ಪಕ್ಕೆಲುಬು ಬಿಟ್ಟುಕೊಂಡು ತಿರುಗುತ್ತಿದ್ದವು. ಈ ಮೂರು ಮಾತ್ರ ಮೈ ತುಂಬಿಕೊಂಡಿದ್ದವು. ಕಿಟಕಿಯ ಸರಳಿಗೆ ಒಣಗಿದ ಅನ್ನದ ಅಗುಳು, ಗೋಡೆಯ ಮೇಲೆ ಬೇಳೆ ಇಳಿದ ಹಳದಿ ಗೆರೆಗಳು, ಒಂದರ ಮೇಲೊಂದು. ಎಂಟು ದಿನದ ಊಟ ಅಲ್ಲಿತ್ತು.

ಕಿಟಕಿಗೆ ಮುಖವಿಟ್ಟು ನೋಡಿದಳು. ಬೈಂಡರ್ ಮಾಮ ನೆಲದ ಮೇಲೆ ಗೋಡೆಗೊರಗಿ ಕೂತಿದ್ದರು. ತೊಡೆಯ ಮೇಲೆ ಈಗಷ್ಟೇ ಅವಳು ಇಟ್ಟ ತಟ್ಟೆ. ಅದನ್ನು ಕಿಟಕಿಯ ಮಟ್ಟಕ್ಕೆ ಎತ್ತಲು ನೋಡುತ್ತಿದ್ದರು, ಎದೆಯವರೆಗೆ ಬಂದದ್ದು ಮತ್ತೆ ತೊಡೆಗೇ ಇಳಿಯುತ್ತಿತ್ತು. ಅರ್ಧ ಮನುಷ್ಯನಾಗಿದ್ದರು. ಉಸಿರು ಎಳೆದಾಗಲೆಲ್ಲ ಕತ್ತಿನ ಗುಂಡಿ ಒಳಕ್ಕೆ ಹೋಗುತ್ತಿತ್ತು. ಅವಳನ್ನು ಕಂಡು, ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳ ಹಾಗೆ ತಟ್ಟೆಯನ್ನು ಹೊದಿಕೆಯಡಿಗೆ ತಳ್ಳಿದರು.

"ಎಷ್ಟು ದಿನದಿಂದ ತಿಂದಿಲ್ಲ?" ಅಂದಳು.

"ನಾಲ್ಕು ತುತ್ತು... ಮೊದಲೆರಡು ದಿನ. ಆಮೇಲೆ ಅನ್ನ ಕಂಡ್ರೆ ಹೊಟ್ಟೆ ತೊಳಸುತ್ತೆ." ಒಂದೊಂದು ಪದಕ್ಕೂ ನಿಂತು ಉಸಿರೆಳೆದರು.

"ಹೇಳಬಾರದಾ? ಗಂಜಿ ತಿಳಿ ಕೊಡ್ತಿದ್ದೆ, ಹಣ್ಣಿನ ರಸ ಕೊಡ್ತಿದ್ದೆ..."

"ತಟ್ಟೆ ತುಂಬಿ ಬಂದ್ರೆ ವ್ಯಾನು ಅಂತ ನೀವೇ ಬರೆದಿದ್ದೀರಲ್ಲ. ಕೆಂಪು ಪೆನ್ನಲ್ಲಿ."

ಅವಳು ಮನೆಯವರನ್ನೆಲ್ಲ ಕೂಗಿ ಕರೆದಳು. ಕೂಗಿಗೆ ಎಲೆಕ್ಟ್ರಿಷಿಯನ್ ಓಡಿ ಬಂದ. ಮನೆಯೊಳಗಿನ ಬಾಗಿಲಿಗೆ ಅವರು ಒಳಗಿನಿಂದ ಚಿಲಕ ಹಾಕಿದ್ದರು, ತಟ್ಟೆ ಒಳಗೆ ತಂದು ಕೂತ ಮೇಲೆ ಮತ್ತೆ ಎದ್ದು ತೆಗೆಯುವ ಶಕ್ತಿ ಉಳಿದಿರಲಿಲ್ಲ. ಸಹಾಯವಾಣಿಯ ನಂಬರು ಒತ್ತಿದರೆ 'ಬಿಜಿ'. ಮತ್ತೆ ಒತ್ತಿದರೆ ಮತ್ತೆ 'ಬಿಜಿ'. ನಲವತ್ತನೇ ಸಲಕ್ಕೋ ಐವತ್ತನೇ ಸಲಕ್ಕೋ ಸಿಕ್ಕಿ, ವ್ಯಾನು ಬರುತ್ತದೆ, ಅಲ್ಲಿಯವರೆಗೆ ಬಾಗಿಲು ಒಡೆಯಬೇಡಿ, ಯಾರೂ ಒಳಗೆ ಹೋಗಬೇಡಿ ಅಂದರು. ಎಷ್ಟು ಹೊತ್ತಿಗೆ ಬರುತ್ತದೆ ಅಂದರೆ ಫೋನು ಇಟ್ಟರು.

ಮೂರೂವರೆ ಗಂಟೆ. ಅಷ್ಟು ಹೊತ್ತೂ ಅವಳು ಓಣಿಯಲ್ಲೇ ಕಿಟಕಿಗೆ ಆತುಕೊಂಡು ನಿಂತಳು. ಕಾಲು ಸೋತಾಗ ಬೇಕರಿ ಅಣ್ಣ ಬ್ರೆಡ್ಡಿನ ಖಾಲಿ ಕ್ರೇಟು ತಂದು ಹಾಕಿದ. ಬೈಂಡರ್ ಮಾಮ ನೀರು ಕೇಳಿದರು. ಸರಳಿನೊಳಗೆ ಅವಳ ಕೈ ಮೊಣಕೈವರೆಗೆ ಹೋಗುತ್ತದೆ, ಅವರ ಬಾಯಿ ಅಲ್ಲಿಂದ ಇನ್ನೂ ಮೂರು ಅಡಿ. ಅಲ್ಲಿಯತನಕ ಎಲ್ಲರಿಗಿಂತ ಮೇಲಿನ ಮೆಟ್ಟಿಲಲ್ಲಿ ಕೂತು ಹೆದರುತ್ತಿದ್ದ ಎಲೆಕ್ಟ್ರಿಷಿಯನ್, ವೈರಿಂಗಿಗೆ ಹಾಕುವ ಹೊಸ ಸಣ್ಣ ಪೈಪು ತೊಳೆದು ತಂದು ಸರಳಿನ ನಡುವೆ ತೂರಿಸಿದ. ಅದರ ತುದಿ ಅವರ ತುಟಿಗೆ ಮುಟ್ಟಿತು. ಈ ತುದಿಯಿಂದ ಅವಳು ಚಮಚದಲ್ಲಿ ನೀರು ಬಿಟ್ಟಳು. ಎರಡು ಗುಟುಕು ಒಳಗೆ ಹೋಯಿತು, ಉಳಿದದ್ದು ಗಡ್ಡದ ಮೇಲೆ.

"ವ್ಯಾನು ಕರೆಸಿದ್ರಾ?" ಅಂದರು.

"ಹೂಂ."

"ಮಾತು ಕೊಟ್ಟಿದ್ರಿ, ಹೆಡ್‌ಮೇಡಂ."

"ತಿಂದ್ರೆ ಕಳಿಸಲ್ಲ ಅಂದಿದ್ದೆ. ನೀವು ತಿಂದ್ರಾ?" ಅಂದವಳೇ ಜೋರಾಗಿ ಅಳಲಿಕ್ಕೆ ಶುರು ಮಾಡಿದಳು. ಅವಳಿಗೆ ಅವರ ಮೇಲೆ ಸಿಟ್ಟು ಬಂದಿತ್ತು, ಎಷ್ಟು ಸಿಟ್ಟೆಂದರೆ ಆ ಸರಳು ಇರದಿದ್ದರೆ ಹೊಡೆದೇ ಬಿಡುತ್ತಿದ್ದಳು. ತನ್ನ ಮೇಲಿನ ಸಿಟ್ಟಿಗಂತೂ ಹೊಡೆಯಲು ಜಾಗವೇ ಇರಲಿಲ್ಲ. ಬೈಂಡರ್ ಮಾಮ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಆಮೇಲೆ ಅವಳು ಎಷ್ಟು ಮಾತಾಡಿಸಿದರೂ ಈ ಕಡೆ ತಿರುಗಲಿಲ್ಲ. ಹೊದಿಕೆ ಏರಿ ಇಳಿಯುವುದನ್ನೇ ಅವಳು ನೋಡುತ್ತಿದ್ದಳು.

ವ್ಯಾನು ಬಂದಾಗ ಇನ್ನೂ ಬಿಸಿಲಿತ್ತು. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪಿನ ಇಬ್ಬರು ಇಳಿದರು. ಚಿಲಕ ಮುರಿದರು. ಎತ್ತಿಕೊಂಡು ಬಂದಾಗ ಮನೆಯ ಐದು ಜನ ರಸ್ತೆಯ ಆಚೆ ಬದಿಗೆ ನಿಂತಿದ್ದರು, ಹಾಗೆ ನಿಲ್ಲಿ ಅಂತ ಅವರಿಗೆ ಹೇಳಿದ್ದರು. ಯಾರೂ ಜೊತೆಗೆ ಹೋಗುವಂತಿಲ್ಲ. ಗಂಟೆಯಕ್ಕ ಒಂದು ಚೀಲದಲ್ಲಿ ಬಟ್ಟೆ, ಕನ್ನಡಕ, ಫೋನು ಹಾಕಿ ಕೊಟ್ಟಳು. ಚಾರ್ಜರು ಮರೆತಳು, ಎಲೆಕ್ಟ್ರಿಷಿಯನ್ ಓಡಿ ತಂದ.

ಬಿಳಿ ಉಡುಪಿನವನು ಪ್ಯಾಡು ಹಿಡಿದು ಕೇಳಿದ. "ಇವರ ಕಡೆಯವರು ಯಾರು? ಹೆಂಡತಿ, ಮಕ್ಕಳು?"

"ಯಾರೂ ಇಲ್ಲ. ಒಬ್ಬ ಅಣ್ಣ ಇದ್ರು, ಇದೇ ರೋಗದಲ್ಲಿ ತೀರಿಕೊಂಡ್ರು" ಅಂದಳು ಗಂಟೆಯಕ್ಕ.

"ನೀವು ಏನಾಗಬೇಕು?"

ಅವಳು ಬಾಯಿ ತೆರೆದಳು. ಏನಾಗಬೇಕು? ಹತ್ತೊಂಬತ್ತು ವರ್ಷ ಒಂದೇ ಡಬ್ಬಿಯ ಅಕ್ಕಿ ಉಂಡವರಿಗೆ ಏನಂತ ಹೇಳುತ್ತಾರೆ? ಹಿಂದಿನಿಂದ ಎಲೆಕ್ಟ್ರಿಷಿಯನ್ ಪಿಸುಗುಟ್ಟಿದ, "ತಂಗಿ ಅಂದುಬಿಡಿ ಅಕ್ಕ, ತಂಗಿ ಅನ್ನಿ." ಆದರೆ ಅವಳು ಸರಕಾರಿ ಕಾಗದದ ಮುಂದೆ ಇಪ್ಪತ್ತೆಂಟು ವರ್ಷ ಕೈಕಟ್ಟಿ ನಿಂತವಳು. ಕಾಗದಕ್ಕೆ ಸುಳ್ಳು ಹೇಳಿ ಗೊತ್ತಿಲ್ಲ. ಅದೂ ಅಲ್ಲದೆ ಅವರನ್ನು ಅಣ್ಣ ಅನ್ನಲು ಯಾಕೋ ಅವಳ ನಾಲಿಗೆ ಏಳಲಿಲ್ಲ.

"ಒಂದೇ ಮನೇಲಿ ಇರ್ತೀವಿ" ಅಂದಳು.

ಅವನು 'ನೆರೆಯವರು' ಅಂತ ಬರೆದುಕೊಂಡು ಬಾಗಿಲು ಹಾಕಿದ. ಬೈಂಡರ್ ಮಾಮ ಒಮ್ಮೆ ತಲೆ ಎತ್ತಲು ನೋಡಿದಂತೆ ಅವಳಿಗೆ ಕಂಡಿತು. ಬೇಕರಿ ತಮ್ಮ, ಇಲ್ಲ ಅಕ್ಕ, ಅವರಿಗೆ ಎಚ್ಚರ ಇರಲಿಲ್ಲ ಅಂದ. ಇವತ್ತಿಗೂ ಅದು ತೀರ್ಮಾನವಾಗಿಲ್ಲ.

ಆಸ್ಪತ್ರೆ ಯಾವುದು ಅಂತ ಗೊತ್ತಾಗಲು ಎರಡು ದಿನ ಬೇಕಾಯಿತು. ನರ್ಸಮ್ಮನ ಆಸ್ಪತ್ರೆಯಲ್ಲ, ಊರಿನ ಇನ್ನೊಂದು ತುದಿಯದ್ದು. ಅವಳೂ ವಿಚಾರಿಸಲು ನೋಡಿ ಸೋತಳು, ಅಲ್ಲಿ ಅವಳಿಗೆ ಗುರುತಿನವರಿರಲಿಲ್ಲ, ತನ್ನ ವಾರ್ಡಿನಲ್ಲೇ ಉಸಿರಾಡಲು ಪುರುಸೊತ್ತಿರಲಿಲ್ಲ. ಗಂಟೆಯಕ್ಕ ದಿನಕ್ಕೆ ಮೂರು ಹೊತ್ತು ಫೋನು ಮಾಡಿದಳು. ಬೈಂಡರ್ ಮಾಮನ ಫೋನು ಮೊದಲ ದಿನ ರಿಂಗಾಯಿತು, ಆಮೇಲೆ ಅದೂ ಇಲ್ಲ. ಆಸ್ಪತ್ರೆಯ ಫೋನು ಯಾರಾದರೂ ಎತ್ತಿದರೆ ಮೊದಲ ಪ್ರಶ್ನೆ ಒಂದೇ.

"ನೀವು ಏನಾಗಬೇಕು?"

"ನೆರೆಯವರು."

"ಮನೆಯವರಿಗೆ ಮಾತ್ರ ಹೇಳ್ತೀವಿ ಅಮ್ಮ. ಹತ್ತಾರು ಜನ ಮಾಡ್ತಾರೆ, ಪತ್ರಿಕೆಯವರು ಮಾಡ್ತಾರೆ. ರೂಲ್ಸು."

ರೂಲ್ಸು ಅಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಸರಿ" ಅಂದು ಇಟ್ಟುಬಿಡುತ್ತಿದ್ದಳು. ಒಂದು ದಿನ ಬಸ್ಸಿಲ್ಲದ ರಸ್ತೆಯಲ್ಲಿ ನಡೆದೇ ಹೋದಳು. ಎರಡನೇ ಅಡ್ಡಗಟ್ಟೆಯ ಹತ್ತಿರ ಪೊಲೀಸಿನವನು, ಅಮ್ಮಾ ಈ ವಯಸ್ಸಲ್ಲಿ ನಿಮಗೂ ಅಂಟಿಸಿಕೊಂಡು ಸಾಯಬೇಕಾ ಅಂತ ಒಳ್ಳೆಯ ಮಾತಿನಲ್ಲೇ ವಾಪಸ್ಸು ಕಳಿಸಿದ. ಮನೆಯಲ್ಲಿ ಅವಳು ಗಂಟೆ ಹೊಡೆಯುವುದನ್ನು ಬಿಟ್ಟಿದ್ದಳು. ಜನ ತಮ್ಮ ಪಾಡಿಗೆ ತಾವು ಹೊತ್ತು ನೋಡಿಕೊಂಡು ಇಳಿದು ಹತ್ತುತ್ತಿದ್ದರು. ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ವ್ಯಾನು ಹೋದ ಹನ್ನೊಂದನೇ ದಿನ ಬೆಳಿಗ್ಗೆ ಎಲೆಕ್ಟ್ರಿಷಿಯನ್ ಹೆಂಡತಿ ಚಹಾ ತಂದಿಟ್ಟು, ಮೂರು ಮೆಟ್ಟಿಲಾಚೆ ಕೂತಳು. "ಅಕ್ಕ, ಕಾಗದಕ್ಕೇನು, ಅದಕ್ಕೆ ಜೀವ ಇದೆಯಾ?" ಅಂದಳು. ಅಷ್ಟೇ ಅಂದದ್ದು.

ಗಂಟೆಯಕ್ಕ ಚಹಾ ಮುಟ್ಟದೆ ಫೋನು ತೆಗೆದು ನಂಬರು ಒತ್ತಿದಳು. ಆ ದಿನ ಬೇಗನೇ ಸಿಕ್ಕಿತು. ಹೊಸ ಹುಡುಗಿಯ ದನಿ.

"ನೀವು ಏನಾಗಬೇಕು ಅವರಿಗೆ?"

"ಹೆಂಡತಿ" ಅಂದಳು ಗಂಟೆಯಕ್ಕ.

ಮೆಟ್ಟಿಲ ಮೇಲೆ ಎಲೆಕ್ಟ್ರಿಷಿಯನ್ ಹೆಂಡತಿ ತಲೆ ಎತ್ತಿ ನೋಡಿದಳು. ಗಂಟೆಯಕ್ಕನಿಗೆ ಮಾತ್ರ ಆ ಪದ ಆಡಿದ ಕೂಡಲೇ ಎದೆಯೊಳಗಿನ ಒಂದು ಗಂಟು ಬಿಚ್ಚಿದ ಹಾಗಾಯಿತು. ಇದನ್ನು ಮೊದಲೇ ಹೇಳಬಹುದಿತ್ತು. ಎಷ್ಟು ಸುಲಭವಿತ್ತು. ಇನ್ನು ಮೂರು ಹೊತ್ತೂ ಕೇಳಬಹುದು, ಗಂಜಿ ಕುಡಿದರಾ, ಉಸಿರು ಹೇಗಿದೆ, ಎಚ್ಚರವಾಗಿದ್ದರೆ ಕಿವಿಗೊಂದು ನಿಮಿಷ ಫೋನು ಹಿಡೀತೀರಾ ತಾಯಿ ಅಂತ. ಆ ಕಡೆ ಹಾಳೆ ಮಗುಚುವ ಸದ್ದು, ಯಾರನ್ನೋ ಕೇಳುವ ಸದ್ದು. ಆಮೇಲೆ ಹುಡುಗಿ ವಾಪಸ್ಸು ಬಂದಳು. ಅವಳ ದನಿ ಬದಲಾಗಿತ್ತು.

"ಅಮ್ಮಾ... ಅವರು ತೀರಿಕೊಂಡು ಐದು ದಿನ ಆಯ್ತು. ಕೊನೇವರೆಗೂ ಮಾತಾಡ್ತಿದ್ರಂತೆ. ಫಾರ್ಮಲ್ಲಿ ಮನೆಯವರು ಯಾರೂ ಇಲ್ಲ ಅಂತ ಬರೆದಿತ್ತು. ಎರಡು ದಿನ ಕಾದು, ಇಲ್ಲಿಯವರೇ ಎಲ್ಲಾ ಮಾಡಿ ಮುಗಿಸಿದ್ರು." ಬೈಯಬೇಕು ಅಂತಿರಲಿಲ್ಲ ಆ ಹುಡುಗಿಗೆ, ತಡೆಯಲಾಗದೆ ಕೇಳಿದಳು ಅಷ್ಟೇ. "ಇಷ್ಟು ದಿನ ಎಲ್ಲಿದ್ರಿ ಅಮ್ಮಾ ನೀವು?"

"ಮನೇಲೇ ಇದ್ದೆ" ಅಂದಳು ಗಂಟೆಯಕ್ಕ.